ಬಳೆಗೆ ಸುತ್ತಿದ ಬಟ್ಟೆ

ಅಮೃತಹಳ್ಳಿಯ ನಮ್ಮ ಮನೆಯಲ್ಲಿ ಅಡುಗೆಮನೆಗೂ ಡ್ರಿಲ್ಲಿಂಗ್ ಮಿಷಿನ್ನಿಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಗೋಡೆ ಅಷ್ಟೇ. ಮೊದಲು ಆ ಕಡೆ ಎರಡು ಎಮ್ಮೆ ಕಟ್ಟುತ್ತಿದ್ದರಂತೆ. ಎಮ್ಮೆಗಳು ಹೋಗಿ ಮಿಷಿನ್ ಬಂತು, ಗೋಡೆ ಮಾತ್ರ ಎತ್ತರವಾಗಲಿಲ್ಲ. ಹಾಗಾಗಿ ಮುದ್ದೆಯ ಹಬೆ ಆ ಕಡೆ ಹೋಗುತ್ತಿತ್ತು, ಕಬ್ಬಿಣದ ಸುರುಳಿಗಳು ಈ ಕಡೆ ಬರುತ್ತಿದ್ದವು. ಸಾರಿನಲ್ಲಿ ಒಂದು ಸುರುಳಿ ಸಿಕ್ಕಿದರೆ ನಾವು ಯಾರೂ ಗಲಾಟೆ ಮಾಡುತ್ತಿರಲಿಲ್ಲ, ಕರಿಬೇವಿನ ಎಲೆ ಎತ್ತಿಡುವ ಹಾಗೆ ತಟ್ಟೆಯ ಅಂಚಿಗೆ ಎತ್ತಿಟ್ಟು ಊಟ ಮುಂದುವರಿಸುತ್ತಿದ್ದೆವು. ಡ್ರಿಲ್ಲಿನ ಮೊನೆ ಕಾಯಬಾರದೆಂದು ಬಿಡುತ್ತಿದ್ದ ಹೊಂಗೆ ಎಣ್ಣೆಯ ಕಮಟು ವಾಸನೆ ನಮ್ಮ ಹಾಸಿಗೆಗೆ, ನನ್ನ ಶಾಲೆಯ ಚೀಲಕ್ಕೆ, ಹಬ್ಬಕ್ಕೆಂದು ಟ್ರಂಕಿನಲ್ಲಿಟ್ಟ ಸೀರೆಗೂ ಅಂಟಿಕೊಂಡಿತ್ತು. ಬೇರೆಯವರ ಮನೆಗೆ ಹೋದಾಗ ಅಲ್ಲಿ ಏನೋ ಕಡಿಮೆ ಇದೆ ಅನಿಸುತ್ತಿತ್ತು. ಅದು ಆ ವಾಸನೆ ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಆಗ ನಮ್ಮ ಸುತ್ತ ದ್ರಾಕ್ಷಿ ತೋಟಗಳಿದ್ದವು. ಈಗ ಆ ಜಾಗದಲ್ಲಿ ಏನಿದೆ ಎಂದು ಹೇಳಿ ಯಾರನ್ನೂ ಬೇಸರಪಡಿಸುವ ಇಷ್ಟ ನನಗಿಲ್ಲ, ಹೇಳಿ ಹೇಳಿ ನನಗೇ ಸಾಕಾಗಿದೆ. ದ್ರಾಕ್ಷಿಗೆ ಔಷಧಿ ಹೊಡೆಯಲು ಕಬ್ಬಿಣದ ಪೈಪು ಬೇಕು, ಪೈಪಿಗೆ ಸಾಲಾಗಿ ಎಂಟು ತೂತು ಬೇಕು, ಪ್ರತಿ ತೂತಿನ ಒಳಗೂ ಥ್ರೆಡ್ ಕೊರೆದಿರಬೇಕು, ಆಗ ಹಿತ್ತಾಳೆಯ ನಾಜಲ್ಲುಗಳು ಅದರಲ್ಲಿ ತಿರುಗಿ ಕೂರುತ್ತವೆ. ಆ ಪೈಪುಗಳನ್ನು ಮಾಡಿಕೊಡುತ್ತಿದ್ದವನು ನಮ್ಮಪ್ಪ. ಹಗಲು ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ಸಂಜೆ ಮತ್ತು ಭಾನುವಾರ ಈ ಕೆಲಸ. ಕಾರ್ಖಾನೆಯಲ್ಲಿ ಹೊಸಬರಿಗೆ ಕನ್ನಡಕ ಹಾಕಿಕೊಳ್ಳಿ ಎಂದು ಗದರುತ್ತಿದ್ದ ಮನುಷ್ಯ, ಮನೆಯಲ್ಲಿ ತಾನು ಹಾಕಿಕೊಳ್ಳಲಿಲ್ಲ. ಒಂದು ಭಾನುವಾರ ಬಿಸಿ ಚೂರೊಂದು ಹಾರಿ ಬಲಗಣ್ಣಿಗೆ ಹೊಕ್ಕಿತು. ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ. ಕಾರ್ಖಾನೆಯವರು ಅವನನ್ನು ಸ್ಟೋರಿಗೆ ಹಾಕಿದರು. ಒಂದೇ ಕಣ್ಣಿನಲ್ಲಿ ದೂರ ಹತ್ತಿರ ಅಂದಾಜು ಸಿಗದೆ ಡ್ರಿಲ್ಲಿನ ಮೊನೆ ಗುರುತಿನ ಪಕ್ಕಕ್ಕೆ ಇಳಿಯತೊಡಗಿತು. ನಾಲ್ಕೈದು ಪೈಪು ಹಾಳಾದ ಮೇಲೆ ಅಪ್ಪ ಅಮ್ಮನನ್ನು ಕರೆದ.

ಹೀಗೆ ನಮ್ಮಮ್ಮ ಜಯಮ್ಮ ಮಿಷಿನ್ ಮುಂದೆ ನಿಂತಳು. ಅಪ್ಪ ಕಲಿಸಿದ್ದನ್ನು ನಾನು ಗೋಡೆಯ ಈಚೆಯಿಂದ ಕೇಳಿಸಿಕೊಂಡಿದ್ದೇನೆ, ಒಂದು ಮಾತೂ ಮರೆತಿಲ್ಲ, ಮರೆಯುವಂತೆಯೂ ಇಲ್ಲ. ಪೈಪು ಗುಂಡಗಿದೆ, ಮೊನೆ ಜಾರುತ್ತದೆ, ಆದ್ದರಿಂದ ಮೊದಲು ಪಂಚ್ ಹೊಡೆದು ಗುಳಿ ಮಾಡಬೇಕು. ಪೈಪನ್ನು ಕೈಯಲ್ಲಿ ಹಿಡಿಯಬಾರದು, ಮರದ ತುಂಡಿನಲ್ಲಿ ಕೊರೆದ ಕಾಲುವೆಯಲ್ಲಿ ಮಲಗಿಸಿ ಕ್ಲಾಂಪ್ ಬಿಗಿಯಬೇಕು. ಮೊದಲು ಸಣ್ಣ ತೂತು, ಆಮೇಲೆ ದೊಡ್ಡದು. ಸುರುಳಿಯನ್ನು ಬೆರಳಿನಿಂದ ಎಳೆಯಬಾರದು, ಮಿಷಿನ್ ನಿಲ್ಲಿಸಿ ಬ್ರಷ್ಷಿನಿಂದ ಗುಡಿಸಬೇಕು. ಕನ್ನಡಕ ಹಾಕದೆ ಸ್ವಿಚ್ ಮುಟ್ಟಬಾರದು, ಇದನ್ನು ಹೇಳುವಾಗ ಅಪ್ಪನ ದನಿ ಸಣ್ಣಗಾಗುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಬೇಕು, ಜಡೆ ಗಂಟು ಹಾಕಬೇಕು, ಕೈಗೆ ಗವಸು ಬೇಡ, ಬಟ್ಟೆ ಬೇಡ, ಬಳೆ ಬೇಡ. ಹಗಲು ಅಮ್ಮ ತೂತು ಕೊರೆದಿಟ್ಟ ಪೈಪುಗಳಿಗೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದು ಟ್ಯಾಪು ಎಂಬ ಹಲ್ಲಿನ ಉಕ್ಕಿನ ಕಡ್ಡಿ ಹಾಕಿ ಥ್ರೆಡ್ ಕೊರೆಯುತ್ತಿದ್ದ. ಅದಕ್ಕೆ ಕಣ್ಣು ಬೇಕಿಲ್ಲ, ಕೈಗೆ ಗೊತ್ತಾಗುತ್ತದೆ. ಮುಂದಕ್ಕೆ ಅರ್ಧ ಸುತ್ತು, ಹಿಂದಕ್ಕೆ ಕಾಲು ಸುತ್ತು. ಹಿಂದಕ್ಕೆ ತಿರುಗಿಸಿದಾಗ ಒಳಗೆ ಚೂರು ಮುರಿದು ‘ಕಟ್’ ಎನ್ನುತ್ತಿತ್ತು. ಅವಸರ ಮಾಡಿ ಮುಂದಕ್ಕೇ ತಿರುಗಿಸಿದರೆ ಟ್ಯಾಪು ತೂತಿನೊಳಗೇ ಮುರಿಯುತ್ತದೆ, ಆಮೇಲೆ ಆ ಪೈಪು ಗುಜರಿಗೇ ಸರಿ. ನಮ್ಮ ಮನೆಯ ಸಂಜೆಗಳೆಂದರೆ ನನಗೆ ಆ ‘ಕಟ್’ ಸದ್ದು ಮತ್ತು ಅಪ್ಪನ ನಿಟ್ಟುಸಿರು.

ಅಮ್ಮ ಬೆಳಿಗ್ಗೆ ಮಿಷಿನ್ ಹತ್ತಿರ ಹೋಗುವ ಮುಂಚೆ ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ತೆಗೆದು ಒಂದು ಸ್ಟೀಲ್ ಲೋಟಕ್ಕೆ ಹಾಕಿ, ಉಪ್ಪಿನ ಡಬ್ಬದ ಹಿಂದೆ ಇಡುತ್ತಿದ್ದಳು. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಮತ್ತೆ ತೊಡುತ್ತಿದ್ದಳು. ಇದು ಅಪ್ಪನ ತಾಯಿ ಮುನಿಯಮ್ಮಜ್ಜಿಗೆ ಗೊತ್ತಿರಲಿಲ್ಲ. ಅಜ್ಜಿ ಬೆಳಗಾದರೆ ತೋಟದ ಕಳೆ ಕೀಳಲು ಹೊರಟುಬಿಡುತ್ತಿದ್ದಳು. ಒಂದು ದಿನ ಮಂಡಿ ನೋವೆಂದು ಬೇಗ ವಾಪಸು ಬಂದವಳು ಅಮ್ಮನ ಕೈ ನೋಡಿ ಬಾಗಿಲಲ್ಲೇ ನಿಂತಳು.

“ಏನೇ ಇದು, ಕೈ ಬೋಳು?”

“ಮಿಷಿನ್‌ಗೆ ಸಿಕ್ಕಿದ್ರೆ ಕೈ ಎಳ್ಕೊಳ್ಳುತ್ತೆ ಅತ್ತೆ. ನಿಮ್ಮ ಮಗನೇ ತೆಗೀಬೇಕು ಅಂತ ಹೇಳಿರೋದು.”

“ಅವನ್ಗೇನ್ ಗೊತ್ತು? ಒಂದ್ ಕಣ್ಣು ಓಯ್ತು. ಇನ್ನೇನ್ ಓಗ್ಲಿ ಅಂತ ಕಾಯ್ತಿದೀಯ?”

ಈಗ ನನಗೆ ಅಜ್ಜಿಯ ಮೇಲೆ ಸಿಟ್ಟಿಲ್ಲ. ಆಗ ಇತ್ತು. ಅಪ್ಪ ಇನ್ನೂ ಕಂಕುಳ ಕೂಸಾಗಿದ್ದಾಗಲೇ ಅಜ್ಜಿಯ ಬಳೆ ಒಡೆದಿದ್ದರು. ಆಮೇಲೆ ಅವಳ ಮುಂಗೈಯಲ್ಲಿ ಉಳಿದ ಹಸಿರೆಂದರೆ ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಹಚ್ಚೆ ಮಾತ್ರ. ಬರಿಗೈ ಎಂದರೆ ಏನು ಎಂದು ಆ ಮನೆಯಲ್ಲಿ ತಿಳಿದಿದ್ದವಳು ಅವಳೊಬ್ಬಳೇ. ಸೊಸೆ ದಿನಾ ಬೆಳಿಗ್ಗೆ ತಾನಾಗಿಯೇ ಬಳೆ ತೆಗೆಯುವುದೆಂದರೆ ಅವಳಿಗೆ ದಿನಾ ಬೆಳಿಗ್ಗೆ ಮಗನನ್ನು ಮನೆಯಿಂದ ಕಳಿಸಿಕೊಟ್ಟಂತೆ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದು ಇಷ್ಟೇ.

“ಬರಿಗೈಲಿ ಇಕ್ಕಿದ್ ಮುದ್ದೆ ನಾನ್ ಉಣ್ಣಕಿಲ್ಲ.”

ಉಣ್ಣಲೂ ಇಲ್ಲ. ಬೀದಿ ಮೂಲೆಯ ಅಂಗಡಿಯಿಂದ ಬನ್ನು ತಂದು, ಹೊಸಿಲ ಮೇಲೆ ಕೂತು, ಎಲ್ಲರಿಗೂ ಕಾಣುವ ಹಾಗೆ ಟೀಯಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಳು. ಅಮ್ಮ ಮೊದಲ ದಿನ ಕರೆದಳು, ಎರಡನೆಯ ದಿನ ಬೇಡಿಕೊಂಡಳು, ಮೂರನೆಯ ದಿನ ಮುಖ ಊದಿಸಿಕೊಂಡಳು. ಅಜ್ಜಿ ಅಮ್ಮನಿಗೆ ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದಳು, ಅಮ್ಮ ಅಜ್ಜಿಗೆ ಹೇಳಬೇಕಾದ್ದನ್ನು ಪಾತ್ರೆಗಳಿಗೆ ಹೇಳುತ್ತಿದ್ದಳು. ಅಪ್ಪ ಸಂಜೆ ಬಂದು ಇಬ್ಬರನ್ನೂ ನೋಡಿ, “ನೀವಿಬ್ರೂ ಒಂದ್ ತೀರ್ಮಾನಕ್ಕೆ ಬನ್ನಿ, ನಂಗೆ ಆಗ್ತಿಲ್ಲ” ಎಂದು ಟ್ಯಾಪು ಹಿಡಿದು ಕೂರುತ್ತಿದ್ದ. ದೊಡ್ಡವರು ದಣಿದ ಮನೆಯಲ್ಲಿ ಮಕ್ಕಳು ಬೇಗ ಬುದ್ಧಿವಂತರಾಗುತ್ತಾರೆ. ಅದರಲ್ಲಿ ಹೆಮ್ಮೆ ಪಡುವಂಥದ್ದೇನೂ ಇಲ್ಲ ಎಂದು ನನಗೀಗ ಗೊತ್ತು.

ನನಗೆ ಆಗ ಒಂಬತ್ತು ವರ್ಷ. ಅಜ್ಜಿ ಹಿಂದೆ ಯಾವಾಗಲೋ ಹೇಳಿದ್ದ ಮಾತು ನೆನಪಿತ್ತು. ಕಣದಲ್ಲಿ ರಾಗಿ ಬಡಿಯುವಾಗ ಬಳೆ ಒಡೆಯಬಾರದೆಂದು ಹೆಂಗಸರು ಮುಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರಂತೆ. ನಾನು ಅಮ್ಮನ ಹಳೆ ಸೀರೆಯ ಅಂಚಿನಿಂದ ಎರಡು ಪಟ್ಟಿ ಹರಿದೆ. ಅಮ್ಮನ ಬಳೆಗಳನ್ನು ಮೇಲಕ್ಕೆ ಸರಿಸಿ, ಅವುಗಳ ಮೇಲೆ ಪಟ್ಟಿ ಸುತ್ತಿ ಗಂಟು ಹಾಕಿದೆ. ಬಳೆ ತೆಗೆದಂತೆಯೂ ಆಗಲಿಲ್ಲ, ಮಿಷಿನ್ನಿಗೆ ಬಳೆ ಸಿಗುವಂತೆಯೂ ಇರಲಿಲ್ಲ. ಬಟ್ಟೆಯೂ ಬೇಡ ಎಂದಿದ್ದ ಅಪ್ಪನ ಮಾತನ್ನು ಅಂದು ಇಬ್ಬರೂ ಪಕ್ಕಕ್ಕೆ ಸರಿಸಿದೆವು. ಅಜ್ಜಿ ಹತ್ತಿರ ಬಂದು, ಅಮ್ಮನ ಕೈ ಹಿಡಿದು, ಬಟ್ಟೆಯ ಮೇಲಿಂದ ಬಳೆಗಳನ್ನು ಒತ್ತಿ ನೋಡಿದಳು.

“ಇದು ನೋಡು. ಈ ಮಗೀಗಿರೋ ಬುದ್ಧಿ ನಿಮ್ಗ್ ಯಾರ್ಗೂ ಇಲ್ಲ.”

ಅಂದು ಅಜ್ಜಿ ಎರಡು ಮುದ್ದೆ ಉಂಡಳು. ಸಂಜೆ ಅಪ್ಪ ಬಂದಾಗ ನಾನೇ ಓಡಿಹೋಗಿ ತೋರಿಸಿದೆ. ಅಪ್ಪ ಅಮ್ಮನ ಕೈಯ ಬಟ್ಟೆ ನೋಡಿದ, ಬಾಯಿ ತೆರೆದ. ಅವನಿಗೆ ಗೊತ್ತಿತ್ತು. ಗಾಜಿನ ಬಳೆ ಸಿಕ್ಕಿದರೆ ಒಡೆಯುತ್ತದೆ, ಬಟ್ಟೆ ಒಡೆಯುವುದಿಲ್ಲ, ಸುತ್ತಿಕೊಳ್ಳುತ್ತದೆ. ಕಾರ್ಖಾನೆಯಲ್ಲಾಗಿದ್ದರೆ ಹಾಗೆ ಬಟ್ಟೆ ಸುತ್ತಿಕೊಂಡು ಬಂದವನನ್ನು ಕತ್ತು ಹಿಡಿದು ಆಚೆ ತಳ್ಳುತ್ತಿದ್ದ. ಆದರೆ ಅಷ್ಟು ದಿನದ ಮೇಲೆ ಅಜ್ಜಿ ಗೋಡೆಗೊರಗಿ ಕಾಲು ಚಾಚಿ ಸೊಪ್ಪಿನ ಸಾರಿನ ಸುದ್ದಿ ಮಾತಾಡುತ್ತಿದ್ದಳು, ಅಮ್ಮ ನಗುತ್ತಿದ್ದಳು. ಅಪ್ಪ ಬಾಯಿ ಮುಚ್ಚಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕರೆದು ಹೇಳಿದ.

“ಬಿಗಿಯಾಗಿ ಕಟ್ಟು. ಎರಡ್ ಗಂಟು ಹಾಕು. ತುದಿ ಒಳಗೆ ತೂರ್ಸು. ತುದಿ ಆಚೆ ನೇತಾಡ್ಬಾರ್ದು, ತಿಳೀತಾ?”

ತಿಳಿಯಿತು. ಅಲ್ಲಿಂದ ಮುಂದೆ ದಿನಾ ಶಾಲೆಗೆ ಹೊರಡುವ ಮುಂಚೆ ಅಮ್ಮ ಎರಡು ಕೈ ಚಾಚುತ್ತಿದ್ದಳು, ನಾನು ಕಟ್ಟುತ್ತಿದ್ದೆ. ಪೂಜೆಯ ಹಾಗೆ ಅದೂ ನಮ್ಮ ಮನೆಯ ಒಂದು ನಿಯಮವಾಯಿತು. ಬಲಗೈ ಮೊದಲು, ಎಡಗೈ ಆಮೇಲೆ. ಎರಡು ಗಂಟು, ತುದಿ ಒಳಗೆ. ಅಜ್ಜಿ ಬಂದು ಒಮ್ಮೆ ಒತ್ತಿ ನೋಡಿ ತೋಟಕ್ಕೆ ಹೋಗುತ್ತಿದ್ದಳು. ಮನೆ ತಣ್ಣಗಿತ್ತು.

ಆ ದಿನ ನನಗೆ ತಡವಾಗಿತ್ತು. ರಿಬ್ಬನ್ ಸಿಕ್ಕಿರಲಿಲ್ಲ, ಶಾಲೆಯ ಬೆಲ್ ಹೊಡೆದದ್ದು ಮನೆಗೇ ಕೇಳಿಸಿತು. ಬಲಗೈಗೆ ಸರಿಯಾಗಿ ಕಟ್ಟಿದೆ. ಎಡಗೈಗೆ ಒಂದೇ ಗಂಟು, ಅದೂ ಸಡಿಲ, ತುದಿ ಸಿಕ್ಕಿಸಲಿಲ್ಲ. ಸಿಕ್ಕಿಸಿಲ್ಲ ಎಂದು ಕೈ ಬಿಡುವಾಗಲೇ ನನಗೆ ಗೊತ್ತಿತ್ತು. ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, ಮಿಷಿನ್ನಿನ ಸದ್ದು ಬದಲಾಯಿತು. ಅಮ್ಮ ಬಲಗೈಯಲ್ಲಿ ಹಿಡಿಕೆ ಒತ್ತುತ್ತಾ ಎಡಗೈಯಿಂದ ಎಣ್ಣೆ ಬಿಡಲು ಹೋಗಿದ್ದಾಳೆ, ಬಟ್ಟೆಯ ತುದಿಯನ್ನು ಡ್ರಿಲ್ಲು ಹಿಡಿದಿದೆ. ಅಮ್ಮ ಕೂಗಲಿಲ್ಲ, ಅವಳ ಕಾಲು ನೆಲಕ್ಕೆ ಉಜ್ಜುವ ಸದ್ದು ಮಾತ್ರ ಕೇಳಿಸಿತು. ಸ್ವಿಚ್ಚು ಅವಳ ಬೆನ್ನ ಹಿಂದೆ, ಗೋಡೆಯ ಮೇಲೆ ಎತ್ತರದಲ್ಲಿತ್ತು. ಕರೆಂಟೆಂದರೆ ಹೆದರಿ ಬಲ್ಬಿನ ಸ್ವಿಚ್ಚನ್ನೂ ಮುಟ್ಟದ ಅಜ್ಜಿ, ಅಂದು ಮಂಡಿ ನೋವೆಂದು ಮನೆಯಲ್ಲೇ ಉಳಿದು ಮುದ್ದೆ ತಿರುವುತ್ತಿದ್ದವಳು, ಮುದ್ದೆ ಕೋಲು ಹಿಡಿದೇ ಓಡಿ ಬಂದು ಸ್ವಿಚ್ಚಿಗೆ ಬಾರಿಸಿದಳು. ಮಿಷಿನ್ ನಿಂತಿತು. ನಾನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಅಲ್ಲೇ ನಿಂತಿದ್ದೆ.

ಕೈ ಹೋಗಲಿಲ್ಲ. ಮುಂಗೈಯ ಎರಡು ಮೂಳೆ ಮುರಿದಿದ್ದವು, ಗಾಜು ಒಳಗೆ ಹೊಕ್ಕಿತ್ತು. ಆಸ್ಪತ್ರೆಯಲ್ಲಿ ಗಾಜು ತೆಗೆದು, ಮೂಳೆ ಕೂಡಿಸಿ, ಮೊಣಕೈವರೆಗೆ ಪ್ಲಾಸ್ಟರ್ ಪಟ್ಟಿ ಹಾಕಿ ಕಳಿಸಿದರು. ಕಾರ್ಖಾನೆಯಿಂದ ಓಡಿ ಬಂದ ಅಪ್ಪ ಮೊದಲು ಅಮ್ಮನನ್ನು ನೋಡಿದ, ಆಮೇಲೆ ಮಿಷಿನ್ ಹತ್ತಿರ ಹೋಗಿ ಡ್ರಿಲ್ಲಿಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಬಿಡಿಸಿಕೊಂಡು ಬಂದ. ಅದನ್ನು ಎಲ್ಲರ ನಡುವೆ ನೆಲಕ್ಕೆ ಹಾಕಿದ.

“ಇವತ್ತು ಇದನ್ನ ಯಾರು ಕಟ್ಟಿದ್ದು?”

ಅಜ್ಜಿ ನನ್ನ ಕಡೆ ನೋಡಲೂ ಇಲ್ಲ.

“ನಾನೇ ಕಣಪ್ಪ ಕಟ್ಟಿದ್ದು. ಇವ್ಳು ಇಸ್ಕೂಲಿಗ್ ಓಗಿದ್ಲು. ಕಣ್ ಕಾಣಕಿಲ್ಲ, ತುದಿ ಬಿಟ್ಬುಟ್ಟೆ.”

ಕಣ್ಣು ಮುಚ್ಚಿ ಮಲಗಿದ್ದ ಅಮ್ಮ ಕಣ್ಣು ತೆರೆದಳು. ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮುಚ್ಚಿದಳು. ನಾನು ನೆಲದ ಮೇಲಿನ ಬಟ್ಟೆಯನ್ನೇ ನೋಡುತ್ತಿದ್ದೆ.

ಅಂದಿನಿಂದ ಅಪ್ಪ ಅಜ್ಜಿಯ ಜೊತೆ ಮಾತು ಬಿಟ್ಟ. ಬೈದಿದ್ದರೆ ಮುಗಿದುಹೋಗುತ್ತಿತ್ತು. ಅವನು ಬೈಯಲಿಲ್ಲ, ಅವಳು ಮನೆಯಲ್ಲೇ ಇಲ್ಲವೆಂಬಂತೆ ಓಡಾಡಿಕೊಂಡಿದ್ದ. ಮಗ ಚೆನ್ನಾಗಿರಲಿ ಎಂದು ಅಷ್ಟೆಲ್ಲ ಹಟ ಹಿಡಿದವಳು ಮಗನ ಒಂದು ಮಾತಿಗೆ ಕಾದು ಕೂರುವುದನ್ನು ನಾನು ದಿನಾ ನೋಡಿದೆ. ತಟ್ಟೆ ಇಡುವಾಗ ಅವಳ ಕೈ ಅವನ ಮುಂದೆ ಒಂದು ಗಳಿಗೆ ಹೆಚ್ಚಾಗಿ ನಿಲ್ಲುತ್ತಿತ್ತು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಪ್ರತಿ ಸಂಜೆ ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ಹೇಡಿತನ ಎಂಬುದು ಎಷ್ಟು ಸದ್ದಿಲ್ಲದೆ ಅಭ್ಯಾಸವಾಗುತ್ತದೆ ಎಂದು ನಾನು ಕಲಿತದ್ದು ಆ ದಿನಗಳಲ್ಲಿ.

ಪೈಪುಗಳು ಮೂಲೆಯಲ್ಲಿ ಹಾಗೇ ಬಿದ್ದಿದ್ದವು, ತೋಟದವರು ಬಂದು ಕೇಳಿ ಹೋಗುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಮ್ಮನ ಕನ್ನಡಕ ಮೂಗಿಗೇರಿಸಿ ಮಿಷಿನ್ ಮುಂದೆ ಹೋಗಿ ನಿಂತಳು. ಅಮ್ಮ ಹಾಸಿಗೆಯಿಂದಲೇ ಬೇಡ ಎಂದಳು. ಅಜ್ಜಿ ತನ್ನ ಎರಡು ಮುಂಗೈಗಳನ್ನು ಮುಂದೆ ಚಾಚಿ ತೋರಿಸಿದಳು.

“ನನ್ ಕೈ ಬೋಳೇ ಐತಲ್ಲ. ಇನ್ನೇನ್ ತೆಗೀಬೇಕು?”

ಅವಳಿಗೆ ಪೈಪು ಕೂರಿಸಲು ಬಂತು, ಕ್ಲಾಂಪ್ ಬಿಗಿಯಲು ಬಂತು. ಸ್ವಿಚ್ಚನ್ನು ಮಾತ್ರ ಎರಡು ಸಲ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡು, ಮೂರನೆಯ ಸಲ ಒತ್ತಿದಳು. ಅದರ ಮೇಲೆ ಅವತ್ತಿನ ಮುದ್ದೆ ಒಣಗಿ ಅಂಟಿಕೊಂಡೇ ಇತ್ತು. ಅಪ್ಪ ದೂರದಲ್ಲಿ ನಿಂತು ನೋಡುತ್ತಿದ್ದ. ಡ್ರಿಲ್ಲು ಕಿರುಗುಟ್ಟಿತು, ಸಣ್ಣಗೆ ಹೊಗೆ ಎದ್ದಿತು. ಅಪ್ಪನಿಗೆ ತಡೆಯಲಾಗಲಿಲ್ಲ.

“ಎಣ್ಣೆ ಬಿಡವ್ವ, ಕಾಯ್ತಾ ಐತೆ.”

ಅಜ್ಜಿ ಎಣ್ಣೆ ಬಿಟ್ಟಳು. ಕನ್ನಡಕದ ಒಳಗೆ ಅವಳ ಕಣ್ಣು ತುಂಬಿದ್ದವು, ಕೆನ್ನೆ ಒರೆಸಲು ಕೈ ಬಿಡುವಿರಲಿಲ್ಲ. ಅಪ್ಪ ಅಂದೇ ಸ್ವಿಚ್ಚನ್ನು ಗೋಡೆಯಿಂದ ಕಿತ್ತು ಮಂಡಿಯಿಂದ ಒತ್ತಿದರೂ ಆರುವಂತೆ ಮುಂದುಗಡೆ ಕೆಳಗೆ ಹಾಕಿದ. ಮುಂದೆ ಎಷ್ಟೋ ವರ್ಷ ನಮ್ಮ ಮನೆಯಲ್ಲಿ ತೂತು ಕೊರೆದವಳು ಅಜ್ಜಿಯೇ. ಅಪ್ಪನಿಗಿಂತ ಬಿಗಿ ಅವಳದು. ರಿಬ್ಬನ್ ಕಟ್ಟಿಕೊಂಡು ನಾನು ಆ ಗೋಡೆ ದಾಟುವಂತಿರಲಿಲ್ಲ.

ಅಮ್ಮನ ಪಟ್ಟಿ ಬಿಚ್ಚಿದ ಮೇಲೆ ಅಜ್ಜಿ ಬಳೆಗಾರನನ್ನು ಮನೆಗೇ ಕರೆಸಿದಳು. ಬಲಗೈಗೆ ಬಳೆ ಸಲೀಸಾಗಿ ಏರಿದವು. ಎಡಗೈಯಲ್ಲಿ ಮೂಳೆ ದಪ್ಪಗೆ, ಸೊಟ್ಟಗೆ ಕೂಡಿಕೊಂಡಿತ್ತು. ಬಳೆಗಾರ ಸೋಪು ಹಚ್ಚಿದ, ಎಣ್ಣೆ ಹಚ್ಚಿದ, ಎರಡು ಬಳೆ ಒಡೆದವು, ಅಮ್ಮನಿಗೆ ನೋವಾಯಿತು. ಅಜ್ಜಿ ಅವನ ಕೈಯಿಂದ ಅಮ್ಮನ ಕೈ ಬಿಡಿಸಿಕೊಂಡಳು.

“ಬಿಡಪ್ಪ, ಸಾಕು. ಇಂಗೇ ಇರ್ಲಿ.”

ಅಮ್ಮನ ಎಡಗೈ ಅಂದಿನಿಂದ ಹಾಗೇ ಇದೆ. ಅಪ್ಪ ಆ ಬರಿಗೈಯಿಂದ ಬಡಿಸಿದ್ದನ್ನು ಉಂಡು, ಮುದುಕನಾಗಿ, ಅಜ್ಜಿ ಹೋದ ಎಷ್ಟೋ ಕಾಲದ ನಂತರ ಹೋದ. ಕೈ ಉಳಿದದ್ದು ಡ್ರಿಲ್ಲನ್ನು ತಿರುಗಿಸುವ ಬೆಲ್ಟು ಸಡಿಲವಿದ್ದು ಜಾರಿದ್ದರಿಂದ ಎಂದು ಅವನು ಕೊನೆಯವರೆಗೂ ಹೇಳುತ್ತಿದ್ದ. ಊರಮ್ಮ ಕಾಪಾಡಿದಳು ಎಂದು ಅಜ್ಜಿ ಹೇಳುತ್ತಿದ್ದಳು. ಅಮ್ಮ ಏನೂ ಹೇಳುತ್ತಿರಲಿಲ್ಲ.

ನಾನು ದೊಡ್ಡವಳಾಗಿ ಹೆಬ್ಬಾಳದ ಆಚೆ ಒಂದು ತರಬೇತಿ ಕೇಂದ್ರದಲ್ಲಿ ಇದೇ ಕೆಲಸ ಕಲಿಸುವವಳಾದೆ. ಫ್ಲೈಓವರ್ ಮೇಲೆ ಬಸ್ಸಿನಲ್ಲಿ ಅರ್ಧ ಆಯಸ್ಸು ಕಳೆದಿದ್ದೇನೆ. ಪ್ರತಿ ವರ್ಷ ಹೊಸ ಮುಖಗಳು, ಅದೇ ಮಾತು. ಪಂಚ್ ಹೊಡಿ, ಕ್ಲಾಂಪ್ ಬಿಗಿ, ಕನ್ನಡಕ ಹಾಕು, ಕೈಯಲ್ಲಿರುವುದನ್ನು ತೆಗೆದಿಡು. ಅವರು ಹೂಂ ಎನ್ನುತ್ತಾರೆ, ಮಾರನೆಯ ದಿನ ಮತ್ತೆ ಯಾವುದೋ ದೇವಸ್ಥಾನದ ಕೆಂಪು ದಾರ, ಯಾರೋ ಕೊಟ್ಟ ಬ್ಯಾಂಡು. ಹೇಳಿ ಹೇಳಿ ನನ್ನ ದನಿ ನನಗೇ ಬೇಸರ ತರಿಸುತ್ತದೆ. ಈಚೆಗೆ ಒಂದು ದಿನ, ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಕೈ ತುಂಬ ಹಸಿರು ಬಳೆ ತೊಟ್ಟು ಬಂದಿದ್ದಳು. ತೆಗಿ ಎಂದೆ.

“ಮನೇಲಿ ಬೈತಾರೆ ಮೇಡಂ. ಮೇಲೊಂದು ಬಟ್ಟೆ ಸುತ್ಕೊಂಡ್ರೆ ಆಗಲ್ವಾ?”

ಅಷ್ಟು ವರ್ಷದಲ್ಲಿ ಎಂದೂ ಹೇಳದ ಕಥೆಯನ್ನು ಅಂದು ಹೇಳಿದೆ. ಸೀರೆಯ ಅಂಚು, ಸ್ವಿಚ್ಚು, ಮುದ್ದೆ ಕೋಲು, ಎಲ್ಲ. ಹುಡುಗಿ ಬಳೆ ತೆಗೆದು ಬ್ಯಾಗಿನೊಳಗಿಟ್ಟಳು. ಆಮೇಲೆ ಕೇಳಿದಳು.

“ಪಾಪ. ಯಾರು ಮೇಡಂ ಕಟ್ಟಿದ್ದು?”

“ನಮ್ಮಜ್ಜಿ” ಎಂದೆ.

ಬಾಯಿಗೆ ತಾನಾಗಿ ಬಂತು. ಸತ್ತು ಎಷ್ಟೋ ವರ್ಷವಾದ ಮುದುಕಿಯ ತಲೆಗೆ ಮತ್ತೊಮ್ಮೆ ಕಟ್ಟಿದ್ದೆ. ಬಸ್ಸಿನಲ್ಲಿ ಮನೆಯವರೆಗೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತಿತ್ತು. ಸಹಕಾರನಗರದ ನನ್ನ ಮನೆಯಲ್ಲಿ ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಚೀಲ ಕೆಳಗಿಡದೆಯೇ ಹೇಳಿದೆ.

“ಅಮ್ಮ, ಅವತ್ತು ನಿನ್ ಎಡಗೈ ಗಂಟು ನಾನು ಸರಿಯಾಗಿ ಕಟ್ಟಿರ್ಲಿಲ್ಲ.”

“ಗೊತ್ತು.”

“ತುದಿ ಸಿಕ್ಕಿಸ್ಲಿಲ್ಲ. ಬೆಲ್ ಹೊಡೆದಿತ್ತು.”

“ಗೊತ್ತು ಕಣೇ. ಕೈ ನಂದಲ್ವಾ?” ಅಮ್ಮ ಸೊಟ್ಟ ಮುಂಗೈಯನ್ನು ತಿರುಗಿಸಿ ನೋಡಿಕೊಂಡಳು. “ತುದಿ ಬಿಟ್ಟಿದ್ದಕ್ಕೆ ಸಿಕ್ಕಾಕ್ಕೊಳ್ತು, ಅದು ನಿಜ. ಗಂಟು ಸಡ್ಲ ಇತ್ತು, ಅದ್ಕೇ ಬಟ್ಟೆ ಬಿಚ್ಕೊಂಡ್ ಹೋಗಿ ಕೈ ಉಳೀತು. ನಿಮ್ಮಪ್ಪ ಹೇಳ್ದಂಗೆ ಎರಡ್ ಗಂಟು ಬಿಗಿದಿದ್ರೆ, ಇನ್ನೊಂದ್ ದಿನ ಇನ್ನೊಂದ್ ಥರ ಸಿಕ್ಕಿದ್ರೂ ಕೈಯೇ ಹೋಗ್ತಿತ್ತು.”

ನಾನು ಚೀಲ ಕೆಳಗಿಟ್ಟು ಅವಳ ಎದುರು ಕೂತೆ.

“ಇಷ್ಟ್ ವರ್ಷ ಇದನ್ನ ನಂಗ್ಯಾಕೆ ಹೇಳ್ಲಿಲ್ಲ?”

“ತಾನೇ ಕಟ್ಟಿದ್ದು ಅಂತ ನಿಮ್ಮಜ್ಜಿ ಮಗನ ಮುಂದೆ ಹೇಳಿದ್ರಲ್ಲ. ಅವ್ರ ಮಾತನ್ನ ನಾನ್ ಸುಳ್ ಮಾಡ್ಲಾ?”

ಅವಳು ಅವರೆಕಾಯಿ ತಟ್ಟೆಯನ್ನು ಎಡಗೈಯಿಂದ ನನ್ನ ಕಡೆ ತಳ್ಳಿದಳು. ನಾನು ಕೈಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟು ಬಿಡಿಸತೊಡಗಿದೆ.